ಮನೆ ಕಂಪ್ಯೂಟರ್‌ಗೆ ಆಂಟಿವೈರಸ್ ಆರಿಸುವ ಕ್ರಮ: ದುಡ್ಡು ಕೊಡುವ ಮುಂಚಿನ ಕೆಲಸವೇ ಜಾಸ್ತಿ

"ಆಂಟಿವೈರಸ್ ಹಾಕಿಸಿ ತಿಂಗಳಾಗಿಲ್ಲ, ಮತ್ತೆ ವೈರಸ್ ಇದೆ ಅಂತ ತೋರಿಸ್ತಿದೆ." "ಹಾಕಿಸಿದ ಮೇಲೆ ಕಂಪ್ಯೂಟರ್ ಇನ್ನೂ ನಿಧಾನ ಆಯ್ತು." "ಪೆನ್‌ಡ್ರೈವ್‌ನಲ್ಲಿದ್ದ ಫೈಲ್‌ನೆಲ್ಲ ಆಂಟಿವೈರಸ್ ತಿಂದು ಹಾಕಿತು." ತುಮಕೂರಿನಲ್ಲಿ ಕಂಪ್ಯೂಟರ್ ವಿಷಯ ಎತ್ತಿದರೆ ಸಾಕು, ಈ ಮೂರು ದೂರುಗಳಲ್ಲಿ ಒಂದಾದರೂ ಬಂದೇ ಬರುತ್ತದೆ. ಕಾರಣ ಬಹುತೇಕ ಒಂದೇ: ಎಲ್ಲರೂ "ಯಾವ ಆಂಟಿವೈರಸ್ ಒಳ್ಳೆಯದು?" ಎಂದು ಕೇಳಿಕೊಂಡು ನೇರ ಅಂಗಡಿಗೆ ಹೋಗುತ್ತಾರೆ. ಆ ಪ್ರಶ್ನೆ ಬರಬೇಕಾದ್ದು ಐದನೇ ಹಂತದಲ್ಲಿ. ಮೊದಲ ನಾಲ್ಕು ಹಂತ ಮುಗಿಸಿದವರಲ್ಲಿ ಅನೇಕರಿಗೆ ಐದನೆಯದು ಬೇಕಾಗುವುದೇ ಇಲ್ಲ.

ಈ ಮಾರ್ಗದರ್ಶಿ ವಿಂಡೋಸ್ ಇರುವ ಮನೆ ಕಂಪ್ಯೂಟರ್‌ಗೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಅರ್ಧ ದಿನದ ಬಿಡುವು, ಸ್ಥಿರವಾದ ಇಂಟರ್ನೆಟ್, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಮುಖ್ಯ ಫೈಲ್‌ಗಳ ನಕಲು ತೆಗೆದಿಡಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಹೊಸ ಪೆನ್‌ಡ್ರೈವ್. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ಸ್ಕ್ಯಾನ್ ಅಥವಾ ಅಪ್‌ಡೇಟ್ ಮಧ್ಯದಲ್ಲಿ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ, ಒಮ್ಮೊಮ್ಮೆ ವಿಂಡೋಸ್ ಏಳುವುದೇ ಇಲ್ಲ. ಯುಪಿಎಸ್ ಇಲ್ಲದಿದ್ದರೆ ಬೆಸ್ಕಾಂನವರು ಲೈನ್ ಕೆಲಸ ಇದೆ ಎಂದು ಹೇಳಿರುವ ದಿನ ಈ ಕೆಲಸಕ್ಕೆ ಕೂರಬೇಡಿ.

ಫೋಟೋ, ಮಾರ್ಕ್ಸ್ ಕಾರ್ಡ್, ಜಮೀನಿನ ಕಾಗದದ ಸ್ಕ್ಯಾನ್, ಲೆಕ್ಕದ ಫೈಲ್ ಇವನ್ನು ಮೊದಲು ಕಾಪಿ ಮಾಡಿ, ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಸೆಟಪ್ ಫೈಲ್‌ಗಳನ್ನು ಕಾಪಿ ಮಾಡಬೇಡಿ. ವೈರಸ್ ಅವುಗಳ ಜೊತೆಗೇ ವಾಪಸ್ ಬರುತ್ತದೆ.

## ಹಂತ 1: ವಿಂಡೋಸ್ ಯಾವುದು, ಅಸಲಿಯೋ ಅಲ್ಲವೋ ನೋಡಿ

ವಿಂಡೋಸ್ ಕೀ ಹಿಡಿದುಕೊಂಡು 'ಆರ್' ಒತ್ತಿ. ಬಂದ ಪೆಟ್ಟಿಗೆಯಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್ ಎಷ್ಟನೆಯದು ಎಂದು ತೋರಿಸುತ್ತದೆ.

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ. 8.1ಕ್ಕೆ 2023ರ ಜನವರಿ 10ಕ್ಕೆ. ಇವುಗಳ ಮೇಲೆ ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ ಕೆಳಗಿನ ತೂತು ಮುಚ್ಚುವುದಿಲ್ಲ. ಹಳೇ ನುಡಿ ತಂತ್ರಾಂಶ, ಹಳೇ ಟ್ಯಾಲಿ, ಹಳೇ ಪ್ರಿಂಟರ್ ಅಂತ ಆ ಕಂಪ್ಯೂಟರ್ ಬೇಕೇ ಬೇಕು ಎನ್ನುವುದಾದರೆ ಅದರ ಇಂಟರ್ನೆಟ್ ತಂತಿ ಕಿತ್ತು ಬರೀ ಟೈಪಿಂಗ್‌ಗೆ ಇಟ್ಟುಕೊಳ್ಳಿ. ಅದರಲ್ಲಿ ಬ್ಯಾಂಕ್ ಕೆಲಸ ಮಾತ್ರ ಮಾಡಬೇಡಿ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇಟ್ಟಿದ್ದಾರೆ, ಆದರೆ ಅದಕ್ಕೆ ನೀವೇ 'ವಿಂಡೋಸ್ ಅಪ್‌ಡೇಟ್' ಪುಟದಲ್ಲಿ ಹೆಸರು ನೋಂದಾಯಿಸಬೇಕು. ತಾನಾಗೇ ಬರುವುದಿಲ್ಲ. ವಿಂಡೋಸ್ 11ಕ್ಕೆ ಹೋಗಲು ಕಂಪ್ಯೂಟರ್‌ನಲ್ಲಿ ಭದ್ರತೆಗೆಂದೇ ಇರುವ ಟಿಪಿಎಂ 2.0 ಚಿಪ್, ಕನಿಷ್ಠ 4 ಜಿಬಿ ರ್‍ಯಾಮ್, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಆಮೇಲಿನ ಪ್ರೊಸೆಸರ್ ಬೇಕು.

ಈಗ ಯಾರೂ ಮಾತಾಡಲು ಇಷ್ಟಪಡದ ವಿಷಯ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್‌ಗೆ ಹೋಗಿ. (ವಿಂಡೋಸ್ 10ರಲ್ಲಿ ಇದು 'ಅಪ್‌ಡೇಟ್ ಅಂಡ್ ಸೆಕ್ಯುರಿಟಿ' ಒಳಗಿರುತ್ತದೆ.) ಅಲ್ಲಿ 'ಆ್ಯಕ್ಟಿವ್' ಎಂದಿದ್ದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ. ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್‌ಗೆ ವಿಂಡೋಸ್ ಕ್ರ್ಯಾಕ್ ಮಾಡಿ, ಅಂದರೆ ಲೈಸೆನ್ಸ್ ಕೊಳ್ಳದೆ ಕಳ್ಳದಾರಿಯಲ್ಲಿ ಆ್ಯಕ್ಟಿವ್ ಮಾಡಿ, ಕೊಟ್ಟಿರುವುದು ಮಾಮೂಲು. ವಿಂಡೋಸ್‌ಗೆ ಬಿಲ್‌ನಲ್ಲಿ ಬೇರೆ ಸಾಲು ಇದೆಯೇ ನೋಡಿ. ಕ್ರ್ಯಾಕ್ ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕು, ಅದಿಲ್ಲದಿದ್ದರೆ ಆ ಫೋಲ್ಡರ್ ಮುಟ್ಟಬೇಡ ಎಂದು ಅದಕ್ಕೆ ಹೇಳಿಕೊಡಬೇಕು. ಮನೆ ಕಂಪ್ಯೂಟರ್‌ಗಳ ಫೈಲ್‌ಗಳನ್ನು ಬೀಗ ಹಾಕಿ ದುಡ್ಡು ಕೇಳುವ 'ಸ್ಟಾಪ್' ಎಂಬ ರ್‍ಯಾನ್ಸಮ್‌ವೇರ್ ಜಾಸ್ತಿ ಹಬ್ಬಿದ್ದೇ ಇಂಥ ಕ್ರ್ಯಾಕ್‌ಗಳ ಮೂಲಕ. ಕ್ರ್ಯಾಕ್ ವಿಂಡೋಸ್ ಮೇಲೆ ಅಸಲಿ ಆಂಟಿವೈರಸ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಆ ದುಡ್ಡನ್ನು ಅಸಲಿ ವಿಂಡೋಸ್‌ಗೆ ಹಾಕಿ.

## ಹಂತ 2: ಈಗಾಗಲೇ ಒಳಗೆ ಯಾರ್‍ಯಾರು ಇದ್ದಾರೆ?

ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ಕೆಳಗಿನ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಪ್ರೊವೈಡರ್ಸ್' ಇರುತ್ತದೆ. ಕಂಪ್ಯೂಟರ್ ಕಾಯುತ್ತಿರುವವರು ಯಾರು ಎಂದು ಅಲ್ಲಿ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು ಸುಮ್ನೆ ಕೂತಿರುತ್ತದೆ. ಅದರ ಮೇಲೆ ಅಂಗಡಿಯವರು ಇನ್ನೊಂದು ಹಾಕಿರುತ್ತಾರೆ. ಮಗ ಯೂಟ್ಯೂಬ್ ನೋಡಿ ಮೂರನೆಯದನ್ನು ಇಳಿಸಿಕೊಂಡಿರುತ್ತಾನೆ. ಎರಡು ಆಂಟಿವೈರಸ್ ಏಕಕಾಲಕ್ಕೆ ಓಡಿದರೆ ರಕ್ಷಣೆ ಎರಡು ಪಟ್ಟು ಆಗುವುದಿಲ್ಲ. ತೆರೆಯುವ ಪ್ರತಿ ಫೈಲನ್ನೂ ಎರಡೂ ಎಳೆದಾಡುತ್ತವೆ. ಕಂಪ್ಯೂಟರ್ ನಿಧಾನ ಆಗುವುದಕ್ಕೆ ಇದು ದೊಡ್ಡ ಕಾರಣ.

ಎಲ್ಲವನ್ನೂ ತೆಗೆಯಿರಿ. ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ದೊಡ್ಡ ಕಂಪನಿಗಳಲ್ಲಿ ಬಹುತೇಕ ಎಲ್ಲವೂ ತಮ್ಮ ಆಂಟಿವೈರಸ್ ಅನ್ನು ಪೂರ್ತಿ ಕಿತ್ತು ಹಾಕಲು ಬೇರೆ ರಿಮೂವಲ್ ಟೂಲ್ ಕೊಡುತ್ತವೆ. ಮಾಮೂಲಿ ದಾರಿಯಲ್ಲಿ ಹೋಗದಿದ್ದರೆ ಅದೇ ಕಂಪನಿಯ ಜಾಲತಾಣದಿಂದ ಆ ಟೂಲ್ ಇಳಿಸಿಕೊಳ್ಳಿ. ಅದೇ ಪಟ್ಟಿಯಲ್ಲಿ 'ಪಿಸಿ ಆಪ್ಟಿಮೈಸರ್', 'ಡ್ರೈವರ್ ಅಪ್‌ಡೇಟರ್', 'ಸ್ಪೀಡ್ ಬೂಸ್ಟರ್' ಎಂಬ ಹೆಸರಿನವು ಕಂಡರೆ ಅವನ್ನೂ ಕಳಿಸಿ. ಯಾರಿಗೂ ಅವುಗಳಿಂದ ಉಪಯೋಗ ಆದದ್ದನ್ನು ನಾನು ಕಂಡಿಲ್ಲ.

ಬೇರೆಯವೆಲ್ಲ ಹೋದ ಮೇಲೆ ವಿಂಡೋಸ್‌ನಲ್ಲೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿ ಎದ್ದು ಕೂರಬೇಕು. 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್'ಗೆ ಹೋಗಿ. ರಿಯಲ್-ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಲಿ.

ಹಾಗೇ ಕೆಳಗೆ ಬನ್ನಿ. 'ಎಕ್ಸ್‌ಕ್ಲೂಷನ್ಸ್' ಎಂದಿದೆ ಅಲ್ವಾ? ಇದನ್ನು ತೆರೆದು ನೋಡುವವರೇ ಕಡಿಮೆ. ಇದು ಆಂಟಿವೈರಸ್ ಕಣ್ಣು ಮುಚ್ಚಿಕೊಳ್ಳಬೇಕಾದ ಜಾಗಗಳ ಪಟ್ಟಿ. ಮನೆ ಕಂಪ್ಯೂಟರ್‌ನಲ್ಲಿ ಇದು ಖಾಲಿ ಇರಬೇಕು. ಕ್ರ್ಯಾಕ್ ಹಾಕಿದ ಕಂಪ್ಯೂಟರ್‌ನಲ್ಲಿ 'ಕೆಎಂಎಸ್' ಎಂದು ಶುರುವಾಗುವ ಹೆಸರುಗಳು ಕಾಣುತ್ತವೆ. ಕೆಲವು ಕಡೆ ಅಡ್ಡ ದಾರಿಯೇ ಬೇಡ ಎಂದು ಸಿ ಡ್ರೈವನ್ನೇ ಪೂರ್ತಿ ಸೇರಿಸಿಬಿಟ್ಟಿರುತ್ತಾರೆ. ಆಗ ಹಸಿರು ಟಿಕ್ ಇರುತ್ತದೆ, 'ವೈರಸ್ ಇಲ್ಲ' ಎನ್ನುತ್ತದೆ, ಆದರೆ ಒಂದು ಫೈಲನ್ನೂ ನೋಡಿರುವುದಿಲ್ಲ. ಒಂದೊಂದಾಗಿ ಕ್ಲಿಕ್ ಮಾಡಿ 'ರಿಮೂವ್' ಕೊಡಿ.

## ಹಂತ 3: ಇರುವ ಕಸ ತೆಗೆಯಿರಿ

ಸೋಂಕು ಇರುವ ಕಂಪ್ಯೂಟರ್‌ಗೆ ಹೊಸ ಆಂಟಿವೈರಸ್ ಹಾಕುವುದು ಕಸ ಗುಡಿಸದೆ ನೆಲ ಸಾರಿಸಿದ ಹಾಗೆ. ಈ ಹಂತದಲ್ಲಿ ಮೂರು ಕೆಲಸಗಳಿವೆ.

ಬ್ರೌಸರ್. "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ" ಎಂದು ಬಲಗಡೆ ಕೆಳಮೂಲೆಯಲ್ಲಿ ಬರುತ್ತಲೇ ಇರುವ ಸೂಚನೆ ಬಹಳ ಸಲ ವೈರಸ್ಸೇ ಅಲ್ಲ. ಯಾವುದೋ ಸಿನಿಮಾ ಡೌನ್‌ಲೋಡ್ ತಾಣ "ಅಲೋ ಒತ್ತಿ" ಎಂದಾಗ ಒತ್ತಿದ ಫಲ ಅದು. ಸೂಚನೆಯ ಪಟ್ಟಿಯಲ್ಲಿ ಚಿಕ್ಕದಾಗಿ 'ಗೂಗಲ್ ಕ್ರೋಮ್' ಎಂದೂ ಅಪರಿಚಿತ ಜಾಲತಾಣದ ಹೆಸರೂ ಇದ್ದರೆ ಅದೇ ಗುರುತು. ಕ್ರೋಮ್‌ನ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗೊತ್ತಿಲ್ಲದ ತಾಣಗಳನ್ನೆಲ್ಲ ತೆಗೆಯಿರಿ. ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ನೋಡಿ. ಇದೊಂದನ್ನು ಮಾಡಿಸುವುದಕ್ಕೇ ಅಂಗಡಿಗೆ ದುಡ್ಡು ಕೊಟ್ಟು ಬರುವವರು ಎಷ್ಟೋ ಜನ.

ಸ್ಕ್ಯಾನ್. ಮೊದಲು 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಒಳಗೆ ಕೊನೆಯ ಅಪ್‌ಡೇಟ್ ದಿನಾಂಕ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವ ಮನೆಗಳಲ್ಲಿ ಡೇಟಾ ಉಳಿಸಲು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿರುತ್ತಾರೆ. ಆಗ ಹಲವು ಅಪ್‌ಡೇಟ್‌ಗಳು ನಿಂತುಹೋಗಬಹುದು. 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ. ಆಮೇಲೆ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಫುಲ್ ಸ್ಕ್ಯಾನ್. ಹಳೇ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಬಿಟ್ಟುಬಿಡಿ. ಅದು ಮುಗಿದ ಮೇಲೆ ಅದೇ ಪಟ್ಟಿಯ ಕೊನೆಯ 'ಆಫ್‌ಲೈನ್ ಸ್ಕ್ಯಾನ್'. ಇದಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಸುಮಾರು 15 ನಿಮಿಷ. ವಿಂಡೋಸ್ ಒಳಗೆ ಅವಿತು ಕೂತಿದ್ದು ಇದರಲ್ಲಿ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಇನ್ನೂ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಟೂಲ್‌ಗಳಿವೆ. 2017ರಿಂದ ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ ಇದನ್ನು ನಡೆಸುತ್ತಿದೆ.

ಪೆನ್‌ಡ್ರೈವ್. ನಮ್ಮ ಕಡೆ ಮನೆಗೆ ವೈರಸ್ ಬರುವ ರಾಜಮಾರ್ಗ ಇದು. ಸ್ಕಾಲರ್‌ಶಿಪ್ ಅರ್ಜಿಗೋ ಸಿಇಟಿ ದಾಖಲೆಗೋ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಡುತ್ತೇವೆ. ದಿನಕ್ಕೆ ನೂರಾರು ಪೆನ್‌ಡ್ರೈವ್ ಚುಚ್ಚಿಸಿಕೊಂಡ ಕಂಪ್ಯೂಟರ್ ಅದು. ಮನೆಗೆ ತಂದು ತೆರೆದರೆ ನಿಮ್ಮ ಫೋಲ್ಡರ್‌ಗಳು ಅಲ್ಲೇ ಇರುತ್ತವೆ, ಆದರೆ ಐಕಾನ್‌ನ ಎಡಗಡೆ ಕೆಳಗೆ ಒಂದು ಪುಟ್ಟ ಬಾಣ. 'ಟೈಪ್' ಕಾಲಂನಲ್ಲಿ 'ಶಾರ್ಟ್‌ಕಟ್', ಗಾತ್ರ ಬರೀ 1 ಅಥವಾ 2 ಕೆಬಿ. ಅದರ ಮೇಲೆ ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ, ಜೊತೆಗೇ ವೈರಸ್ ಕೂಡ ಓಡುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಆಂಟಿವೈರಸ್ ಈ ಶಾರ್ಟ್‌ಕಟ್ ಅಳಿಸಿದಾಗ ಪೆನ್‌ಡ್ರೈವ್ ಖಾಲಿ ಕಾಣುತ್ತದೆ. "ಫೈಲ್ ತಿಂದಿತು" ಎನ್ನುವ ದೂರು ಬರುವುದು ಇಲ್ಲಿಂದ. ಫೈಲ್‌ಗಳು ಎಲ್ಲೂ ಹೋಗಿಲ್ಲ, ವೈರಸ್ ಬಚ್ಚಿಟ್ಟಿದೆ. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿ. ಆಗಲೂ ಕಾಣದಿದ್ದರೆ 'ಫೋಲ್ಡರ್ ಆಪ್ಷನ್ಸ್'ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಟಿಕ್ ತೆಗೆಯಿರಿ. ಹೆಸರೇ ಇಲ್ಲದ ಫೋಲ್ಡರ್ ಒಂದು ಕಾಣಬಹುದು, ಅದರೊಳಗೆ ಎಲ್ಲ ಇರುತ್ತದೆ. ನಿಮ್ಮ ಪಿಡಿಎಫ್, ಫೋಟೋಗಳನ್ನು ಮಾತ್ರ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ ವಾಪಸ್ ಹಾಕಿ. ಇನ್ನು ಮುಂದೆ ಅಂಗಡಿಗೆ ಫೈಲನ್ನು ನಿಮ್ಮ ಫೋನಿನಿಂದ ವಾಟ್ಸ್ಆ್ಯಪ್ ಅಥವಾ ಇಮೇಲ್‌ನಲ್ಲಿ ಕಳಿಸಿ. ಅಲ್ಲಿನ ಕಂಪ್ಯೂಟರ್‌ನಲ್ಲಿ ನಿಮ್ಮ ಇಮೇಲ್ ಮಾತ್ರ ತೆರೆಯಬೇಡಿ.

## ಹಂತ 4: ಇನ್ನೊಂದು ಬೇಕೇ ಬೇಕಾ?

ವಿಂಡೋಸ್ 11 ಅಸಲಿ, ಅಪ್‌ಡೇಟ್ ಸರಿಯಾಗಿ ಬರುತ್ತಿದೆ, ಕ್ರ್ಯಾಕ್ ಇಲ್ಲ, ಮನೆಯಲ್ಲಿ ಒಬ್ಬರಿಬ್ಬರು ಬಳಸುತ್ತಾರೆ ಎಂದರೆ ಡಿಫೆಂಡರ್ ಸಾಕು. 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗಿನ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ಆನ್ ಮಾಡಿ, ಹಂತ 8ಕ್ಕೆ ಹೋಗಿ. ಅಂಗಡಿಯವರು "ಅದು ಫ್ರೀ, ಅದೇನು ಕೆಲಸ ಮಾಡುತ್ತೆ ಸಾರ್" ಎನ್ನುತ್ತಾರೆ. ಮಾರುವವರು ಇನ್ನೇನು ಹೇಳಿಯಾರು!

ದುಡ್ಡು ಕೊಟ್ಟು ಕೊಳ್ಳುವುದಕ್ಕೆ ಅರ್ಥ ಇರುವ ಮನೆಗಳೂ ಇವೆ. ಪಕ್ಕದ ಮನೆಯವರ, ಕಾಲೇಜಿನ ಪೆನ್‌ಡ್ರೈವ್ ಬರುತ್ತಲೇ ಇರುವ ಮನೆ. ಮಕ್ಕಳ ಬಳಕೆಗೆ ಕಡಿವಾಣ ಬೇಕಾದ ಮನೆ. ತೊಂದರೆ ಆದರೆ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎನ್ನುವ ಹಿರಿಯರು. ಮನೆಯಿಂದಲೇ ಜಿಎಸ್‌ಟಿ ಫೈಲಿಂಗ್ ಮಾಡುವವರು, ಕೊಬ್ಬರಿ ವ್ಯಾಪಾರದ ಲೆಕ್ಕ ಇಟ್ಟುಕೊಳ್ಳುವ ತಿಪಟೂರು ಕಡೆಯವರು.

ಕಂಪ್ಯೂಟರ್ 4 ಜಿಬಿ ರ್‍ಯಾಮ್, ಹಳೇ ಹಾರ್ಡ್ ಡಿಸ್ಕ್‌ನದ್ದಾದರೆ ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ಅದಕ್ಕಿಂತ ವೇಗದ ಡಿಸ್ಕ್) ಹಾಕಿಸಿ. "ವೈರಸ್‌ನಿಂದ ನಿಧಾನ" ಎಂದುಕೊಂಡದ್ದು ಎಷ್ಟೋ ಸಲ ಆ ಡಿಸ್ಕ್‌ನ ಮುಪ್ಪು.

## ಹಂತ 5: ಈಗ ಆರಿಸಿ

ಯೂಟ್ಯೂಬ್‌ನ "ಟಾಪ್ 10 ಆಂಟಿವೈರಸ್" ವಿಡಿಯೋಗಳನ್ನು ಬಿಟ್ಟುಬಿಡಿ. ವಿಡಿಯೋದ ಕೆಳಗಿನ ಲಿಂಕ್‌ನಿಂದ ನೀವು ಕೊಂಡರೆ ಬಹಳ ಸಲ ಅದನ್ನು ಮಾಡಿದವರಿಗೆ ಕಮಿಷನ್ ಹೋಗುತ್ತದೆ. ಎರಡು ಪರೀಕ್ಷಾ ಸಂಸ್ಥೆಗಳ ಫಲಿತಾಂಶ ನೋಡಿ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್. ಎರಡೂ ಪುಕ್ಕಟೆಯಾಗಿ ಓದಲು ಸಿಗುತ್ತವೆ.

ಎವಿ-ಟೆಸ್ಟ್‌ನವರು ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಇಡುತ್ತಾರೆ. ರಕ್ಷಣೆಯಲ್ಲಿ ಹೆಸರಾಂತ ಕಂಪನಿಗಳೆಲ್ಲ ಒಂದರ ಪಕ್ಕ ಒಂದು ನಿಲ್ಲುತ್ತವೆ. ಅದರಲ್ಲಿ ಆರಿಸುವಂಥದ್ದು ಹೆಚ್ಚಿಲ್ಲ. ಹಳೇ ಕಂಪ್ಯೂಟರ್ ಇರುವವರು ವೇಗದ ಅಂಕ ನೋಡಬೇಕು. 'ಬಳಕೆ' ಎಂದರೆ ಒಳ್ಳೆಯ ಫೈಲನ್ನು ಕೆಟ್ಟದ್ದು ಎಂದು ಹಿಡಿಯುವುದು ಎಷ್ಟು ಕಡಿಮೆ ಎಂಬುದು. ಮನೆಯವರನ್ನು ಸುಮ್ಮಸುಮ್ಮನೆ ಹೆದರಿಸುವ ಆಂಟಿವೈರಸ್ ಅನ್ನು ಕೊನೆಗೆ ಯಾರಾದರೂ ಆಫ್ ಮಾಡಿಯೇ ಮಾಡುತ್ತಾರೆ. ಒಂದೇ ಸಲದ ಫಲಿತಾಂಶ ನಂಬಬೇಡಿ, ಹಿಂದಿನ ಕೆಲವು ಸುತ್ತುಗಳನ್ನೂ ನೋಡಿ.

ಇಲ್ಲಿ ಸುಲಭವಾಗಿ ಸಿಗುವವು ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಹೊರಗಿನವುಗಳಲ್ಲಿ ರೊಮೇನಿಯಾದ ಬಿಟ್‌ಡಿಫೆಂಡರ್, ಸ್ಲೊವಾಕಿಯಾದ ಇಸೆಟ್, ನಾರ್ಟನ್ ಇತ್ಯಾದಿ. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಬಹಳ ವ್ಯತ್ಯಾಸ ಆಗುತ್ತದೆ ಎಂದುಕೊಳ್ಳಬೇಡಿ. ಉಚಿತದ್ದನ್ನು ಹಾಕುವವರು ಪ್ರೈವಸಿ ಸೆಟ್ಟಿಂಗ್ಸ್ ಒಮ್ಮೆ ತೆರೆಯಬೇಕು: ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಪ್ರಕರಣದಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು.

ಒಂದೇ ಕಂಪನಿಯಲ್ಲಿ 'ಆಂಟಿವೈರಸ್', 'ಇಂಟರ್ನೆಟ್ ಸೆಕ್ಯುರಿಟಿ', 'ಟೋಟಲ್ ಸೆಕ್ಯುರಿಟಿ' ಎಂದು ಮೆಟ್ಟಿಲುಗಳಿರುತ್ತವೆ. ವೈರಸ್ ಹಿಡಿಯುವ ಎಂಜಿನ್ ಸಾಮಾನ್ಯವಾಗಿ ಒಂದೇ. ಮೇಲಿನ ಮೆಟ್ಟಿಲಲ್ಲಿ ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ಟ್ಯೂನ್-ಅಪ್ ಸೇರುತ್ತವೆ. ಅವನ್ನು ಬಳಸುವುದಿಲ್ಲ ಎಂದರೆ ಕೆಳಗಿನದ್ದೇ ಸಾಕು.

ಹೆಸರು ಎರಡಕ್ಕೆ ಇಳಿಸಿಕೊಂಡ ಮೇಲೆ ಟ್ರಯಲ್ ಹಾಕಿ, ಒಂದು ತೆಗೆದ ಮೇಲೆ ಇನ್ನೊಂದು. ನಿಮ್ಮ ದಿನದ ಕೆಲಸ ಮಾಡಿ ನೋಡಿ. ನುಡಿ ಅಥವಾ ಬರಹ ಓಡುತ್ತಿದೆಯಾ, ಪ್ರಿಂಟರ್ ಸಿಗುತ್ತಿದೆಯಾ, ಮಕ್ಕಳ ಆನ್‌ಲೈನ್ ಕ್ಲಾಸ್ ತಡವರಿಸುತ್ತಿದೆಯಾ. ಇದನ್ನು ಯಾವ ಪರೀಕ್ಷಾ ಸಂಸ್ಥೆಯೂ ನಿಮಗಾಗಿ ನೋಡುವುದಿಲ್ಲ.

## ಹಂತ 6: ಕೊಳ್ಳುವಾಗ

ಕಂಪನಿಯ ಸ್ವಂತ ತಾಣ ಮತ್ತು ಬಿ.ಎಚ್. ರಸ್ತೆಯ ಅಂಗಡಿ ಎರಡರ ಬೆಲೆಯನ್ನೂ ಕೇಳಿ. ಡಬ್ಬಿಯ ಮೇಲಿನ ಎಂಆರ್‌ಪಿ ನೋಡಿ ಹೆದರಬೇಡಿ, ಅದಕ್ಕಿಂತ ಸಾಕಷ್ಟು ಕಡಿಮೆಗೆ ಮಾರುತ್ತಾರೆ. ಕೀ ಮುಚ್ಚಿರುವ ಜಾಗ ಕೆರೆದಿರಬಾರದು. ಎಷ್ಟು ಕಂಪ್ಯೂಟರ್‌ಗೆ, ಎಷ್ಟು ವರ್ಷಕ್ಕೆ ಎಂದು ಓದಿ. ಮೂರು ಕಂಪ್ಯೂಟರ್‌ನ ಕೀ ಒಂದನ್ನು ಮೂರು ಗಿರಾಕಿಗಳಿಗೆ ಹಂಚಿ ಮಾರುವವರಿದ್ದಾರೆ. ಅದಕ್ಕೇ ಆ್ಯಕ್ಟಿವೇಶನ್ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್‌ಗೇ ಆಗಬೇಕು, ಜಿಎಸ್‌ಟಿ ಬಿಲ್ ಕೈಗೆ ಬರಬೇಕು.

ಆನ್‌ಲೈನ್‌ನಲ್ಲಿ ಕೊಂಡರೆ ಆಟೋ-ರಿನ್ಯೂವಲ್ ಅಂದೇ ಆಫ್ ಮಾಡಿ. ಮೊದಲ ವರ್ಷದ ರಿಯಾಯಿತಿ ಎರಡನೇ ವರ್ಷ ಇರುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್‌ನಿಂದ ಹೀಗೆ ತಾನಾಗಿ ದುಡ್ಡು ಹೋಗುವ 24 ಗಂಟೆ ಮುಂಚೆ ಸಂದೇಶ ಬರಬೇಕು. ಅದನ್ನು ಓದದೆ ಅಳಿಸಬೇಡಿ.

## ಹಂತ 7: ಹಾಕುವ ಕ್ರಮ

ವಿಂಡೋಸ್ ಅಪ್‌ಡೇಟ್ ಮುಗಿಸಿ. ಹಳೆಯದನ್ನು ತೆಗೆದು ರೀಸ್ಟಾರ್ಟ್ ಮಾಡಿ. ಕಂಪನಿಯ ತಾಣದಿಂದಲೇ ಸೆಟಪ್ ಇಳಿಸಿ. ಅಂಗಡಿಯವರ ಪೆನ್‌ಡ್ರೈವ್‌ನದ್ದು ಬೇಡ. ಹಾಕಿ, ಕೀ ಕೊಟ್ಟು, ಅಪ್‌ಡೇಟ್ ಮಾಡಿ, ಮತ್ತೆ ರೀಸ್ಟಾರ್ಟ್. ಡಿಫೆಂಡರ್ ತಾನಾಗೇ ಹಿಂದೆ ಸರಿಯುತ್ತದೆ, ಅದನ್ನು ನೀವು ಆಫ್ ಮಾಡುವುದು ಬೇಕಿಲ್ಲ. ಪೆನ್‌ಡ್ರೈವ್ ಹಾಕಿದ ಕೂಡಲೇ ಸ್ಕ್ಯಾನ್ ಆಗುವ ಆಯ್ಕೆ ಆನ್ ಮಾಡಿ. ಸೆಟ್ಟಿಂಗ್ಸ್‌ಗೆ ಪಾಸ್‌ವರ್ಡ್ ಹಾಕಿ. ಆಟ ಇಳಿಸಿಕೊಳ್ಳಲು ಮಕ್ಕಳು ಆಫ್ ಮಾಡುವುದು ಇದರಿಂದ ತಪ್ಪುತ್ತದೆ.

## ಹಂತ 8: ಕೆಲಸ ಮಾಡುತ್ತಿದೆಯಾ?

ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರದ್ದು, ಯಾವ ಹಾನಿಯೂ ಇಲ್ಲ. ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂದು ಒಪ್ಪಿಕೊಂಡಿರುವ ಫೈಲ್. ಐಕಾರ್ ಸಂಸ್ಥೆಯ ತಾಣದಿಂದ ಇಳಿಸಲು ನೋಡಿ. ತಡೆದರೆ ಸರಿ. ಸುಮ್ನೆ ಇಳಿದು ಡೌನ್‌ಲೋಡ್ಸ್‌ನಲ್ಲಿ ಕೂತು, ತೆರೆದರೂ ಏನೂ ಆಗದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ. ಎಕ್ಸ್‌ಕ್ಲೂಷನ್ ಪಟ್ಟಿಯಿಂದ ಶುರು ಮಾಡಿ.

ನಿಮಗೆ ಗೊತ್ತಿರುವ ಒಳ್ಳೆಯ ತಂತ್ರಾಂಶವನ್ನು ಹಿಡಿದರೆ ಆ ಸೆಟಪ್ ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡಿ. ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಬರುತ್ತದೆ. ಒಂದೆರಡು ಮಾತ್ರ ಕೆಂಪಾದರೆ ತಪ್ಪು ಗುಮಾನಿ ಇರಬಹುದು. ಬಹಳಷ್ಟು ಕೆಂಪಾದರೆ ಅಳಿಸಿ. ಆಧಾರ್, ಪಾಸ್‌ಬುಕ್ ಇರುವ ಫೈಲ್‌ಗಳನ್ನು ಅಲ್ಲಿಗೆ ಹಾಕಬೇಡಿ, ಬೇರೆಯವರಿಗೂ ಸಿಗಬಹುದು.

## ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಆಂಟಿವೈರಸ್ ತಾನಾಗೇ ಆಫ್ ಆಗುತ್ತಿದೆ, ಆನ್ ಮಾಡಲು ಬಿಡುತ್ತಿಲ್ಲ. ಆಂಟಿವೈರಸ್ ಕಂಪನಿಗಳ ತಾಣ ಮಾತ್ರ ತೆರೆಯುತ್ತಿಲ್ಲ. ಮೌಸ್ ತಾನಾಗಿ ಓಡಾಡುತ್ತದೆ. ಈ ಮೂರರಲ್ಲಿ ಯಾವುದು ಕಂಡರೂ ಇಂಟರ್ನೆಟ್ ಕಿತ್ತು ಹಾಕಿ.

ಪರದೆ ತುಂಬ ಎಚ್ಚರಿಕೆ ಬಂದು ಸದ್ದು ಮಾಡುತ್ತಾ "ಈ ನಂಬರ್‌ಗೆ ಕರೆ ಮಾಡಿ" ಎಂದರೆ ಕರೆ ಮಾಡಬೇಡಿ. ನಿಜವಾದ ಆಂಟಿವೈರಸ್ ಹಾಗೆ ಹೇಳುವುದಿಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಆ ಕರೆಯಲ್ಲಿ ಸಿಕ್ಕವರ ಮಾತು ಕೇಳಿ ಎನಿಡೆಸ್ಕ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶ) ಹಾಕಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಅವಕಾಶ ಜಾಸ್ತಿ.

ಫೈಲ್‌ಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರ ಸೇರಿ, ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಚೀಟಿ ಕೂತಿದ್ದರೆ ಅದು ರ್‍ಯಾನ್ಸಮ್‌ವೇರ್. ದುಡ್ಡು ಕಳಿಸಬೇಡಿ, ಡಿಸ್ಕ್ ಫಾರ್ಮ್ಯಾಟ್ ಮಾಡಲೂ ಬಿಡಬೇಡಿ. 'ನೋ ಮೋರ್ ರ್‍ಯಾನ್ಸಮ್' ತಾಣದಲ್ಲಿ ಆ ಜಾತಿಯ ಬೀಗಕ್ಕೆ ಉಚಿತ ಕೀಲಿ ಇದೆಯೇ ನೋಡಿ. ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಎತ್ತಿಡಿ. ಕೆಲವಕ್ಕೆ ಕೀಲಿ ವರ್ಷಗಳ ಮೇಲೂ ಬಂದಿದೆ. ಮೊದಲೇ ಬಿಚ್ಚಿಟ್ಟ ನಕಲು ಡಿಸ್ಕನ್ನು ವಿಂಡೋಸ್ ಹೊಸದಾಗಿ ಹಾಕಿಸುವ ತನಕ ಆ ಕಂಪ್ಯೂಟರ್‌ಗೆ ಚುಚ್ಚಬೇಡಿ.